ಹೇಳದೆ ಕೇಳದೆ ಒಳಗೆ

"ಲಗೂ ಹೊರಗ ಬಾ. ಬಚ್ಚಲಾ ತೋರಸ್ಬೇಕಾಗೇದ."

ಸಾವಿತ್ರಿ ತಲೆಗೆ ಹಚ್ಚಿದ್ದ ಸೀಗೆಪುಡಿಯನ್ನು ಇನ್ನೂ ತೊಳೆದುಕೊಂಡಿರಲಿಲ್ಲ. ಕಣ್ಣು ಉರಿಯುತ್ತಿತ್ತು. ತಗಡಿನ ಬಾಗಿಲ ಕೆಳಗಿನ ಸಂದಿನಲ್ಲಿ ಎರಡು ಜೊತೆ ಬೂಟು ಕಂಡವು. ದನಿ ಮನೆ ಮಾಲೀಕ ಉಮಾಪತಿಯದು.

"ಯಾರ್ರೀ ಅದು! ನಾ ಜಳಕಾ ಮಾಡಾಕತ್ತೀನ್ರೀ!"

"ಮಾಡು, ಯಾರು ಬ್ಯಾಡಂದ್ರು? ನಾ ಏನ್ ಹೊರಗಿನವನ? ಮಾಲಕ ಇದ್ದೇನಿ. ಎರಡ ನಿಮಿಷದ ಕೆಲಸ." ಆಮೇಲೆ ಜೊತೆಗಿದ್ದವನಿಗೆ, ದನಿ ಬದಲಿಸಿ: "ಇದು ಅಟ್ಯಾಚ್ಡ್ ನೋಡ್ರಿ. ಟೈಲ್ಸ್ ಹಾಕಿಸಿಬಿಟ್ರ ಫಸ್ಟ್ ಕ್ಲಾಸ್ ಆಗ್ತದ."

ಚಿಲಕವಿಲ್ಲದ ಬಾಗಿಲು ಒಂದು ಬೆರಳಿನಷ್ಟು ಒಳಗೆ ಸರಿಯಿತು. ಸಾವಿತ್ರಿ ಒದ್ದೆ ಲಂಗ ಎದೆಯ ಮೇಲಕ್ಕೆ ಎಳೆದುಕೊಂಡು, ಬೆನ್ನನ್ನು ಬಾಗಿಲಿಗೆ ಕೊಟ್ಟು, ಎದುರು ಗೋಡೆಗೆ ಕಾಲು ಒತ್ತಿ ನಿಂತಳು. ಬಚ್ಚಲು ಅಷ್ಟು ಚಿಕ್ಕದು. ಮೂರು ವರ್ಷದಿಂದ ಅದನ್ನು ಬೈಯುತ್ತ ಬಂದವಳಿಗೆ ಅಂದು ಮೊದಲ ಸಲ ಅದರಿಂದ ಉಪಕಾರವಾಯಿತು.

"ಸರ್, ಬೇಡ ಬಿಡಿ ಸರ್. ಆಮೇಲೆ ನೋಡೋಣ," ಎಂದಿತು ಇನ್ನೊಂದು ದನಿ. ಎಳೆಯದು, ಬೆಂಗಳೂರಿನ ಕಡೆಯದು.

ಬೂಟುಗಳು ಹಿಂದೆ ಸರಿದವು. ಹೋಗುವಾಗ ಉಮಾಪತಿ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಎತ್ತಿದ ಸದ್ದು ಕೇಳಿಸಿತು.

"ಥೂ, ಒಣಮೀನ! ಏನ್ ನಾತರೀ ಈ ಹೊಲಗೇರಿ ಮಂದೀದು. ನೀವೇನ್ ಕಾಳಜಿ ಮಾಡಬ್ಯಾಡ್ರಿ. ಇವರು ಹೋದ ಮ್ಯಾಲ ಗೋಮೂತ್ರ ಹೊಡಸೇ ಕೊಡ್ತೇನಿ."

ಸಾವಿತ್ರಿಯ ಗಂಡ ಬಸು ರೈಲ್ವೆಯಲ್ಲಿ ಗ್ಯಾಂಗ್‌ಮನ್. ರೋಣದ ಕಡೆಯವನು, ಹಳಿಯ ಕೆಳಗೆ ಜಲ್ಲಿ ಒತ್ತಿ ಒತ್ತಿ ಕೋಲ್ಕತ್ತಾ ತಲುಪಿದವನು. ಈ ಊರಿನಲ್ಲಿ ಅವನ ಹೆಸರಿಗೆ ಎಲ್ಲಿಲ್ಲದ ಬೆಲೆ. ಇಲ್ಲಿ ಬಸು ಎಂದರೆ ದೊಡ್ಡ ಮನೆತನದ ಅಡ್ಡಹೆಸರು. ರೇಷನ್ ಆಫೀಸಿನಲ್ಲಿ ಒಬ್ಬ ಗುಮಾಸ್ತ 'ಬೋಷುನ್ ಬಸು ಬಾಬು' ಎಂದು ಕೂರಲು ಕುರ್ಚಿ ಸರಿಸಿ, ಅವನ ಜಡ್ಡುಗಟ್ಟಿದ ಕೈ ನೋಡಿ ಕುರ್ಚಿ ವಾಪಸು ಎಳೆದುಕೊಂಡಿದ್ದ. ಉಮಾಪತಿಯದು ಇನ್ನೊಂದು ಬಗೆಯ ಮೋಸಹೋಗುವಿಕೆ. ಕೇಂದ್ರ ಸರಕಾರದ ಕಚೇರಿಯಿಂದ ನಿವೃತ್ತನಾಗಿ ಜಾದವ್‌ಪುರದಲ್ಲಿ ಮನೆ ಮಾಡಿಕೊಂಡಿದ್ದ ಧಾರವಾಡದ ಆಸಾಮಿ. ಬಸು ಅಂದರೆ ಬಸವರಾಜ, ನಮ್ಮ ಕಡೆಯವ, ಚಲೋ ಮಂದಿ ಇರಬೇಕು ಎಂದುಕೊಂಡು ಹಿತ್ತಲಿನ ಒಂದೂವರೆ ಕೋಣೆ ಬಾಡಿಗೆಗೆ ಕೊಟ್ಟಿದ್ದ.

ಆಗಲೂ ತನ್ನ ಕೀಲಿಯಿಂದ ಬಾಗಿಲು ತೆಗೆದು ಒಳಗೆ ಬರುತ್ತಿದ್ದ. ಫ್ಯಾನು ಸುಮ್ಮನೆ ತಿರುಗುತ್ತಿದೆಯೇ ನೋಡಲು, ಗೋಡೆಗೆ ಮೊಳೆ ಹೊಡೆದಿದ್ದಾರೆಯೇ ನೋಡಲು. ಹೀಗೆ ಯಾರೂ ಇಲ್ಲದ ಒಂದು ಮಧ್ಯಾಹ್ನ ಬಂದಾಗ ಟ್ರಂಕಿನ ಮೇಲೆ ಒಂದು ಕಾಗದ ಕಂಡಿತು. ಬಡ್ತಿಗೆಂದು ಬಸು ಹೊರಗೆ ತೆಗೆದಿಟ್ಟಿದ್ದ ಜಾತಿ ಪ್ರಮಾಣಪತ್ರ. ಮರುದಿನವೇ ಬಡಗಿಯನ್ನು ಕರೆತಂದು ಬಾಗಿಲುಗಳ ಒಳಗಿನ ಚಿಲಕ ಬಿಚ್ಚಿಸಿದ. "ಹಗಲೊತ್ತಿನ್ಯಾಗ ಚಿಲಕಾ ಹಾಕ್ಕೊಂಡ ಮಾಡೂದ ಏನೈತಿ ನಿಮ್ಮಂಥವ್ರದು?" ಎಂದ. ಅಷ್ಟರಲ್ಲಿ ಸಾಲ್ಟ್ ಲೇಕು, ನ್ಯೂ ಟೌನುಗಳ ಗಾಜಿನ ಕಟ್ಟಡಗಳಿಗೆ ಊರೂರಿನ ಸಾಫ್ಟ್‌ವೇರ್ ಹುಡುಗರು ಬಂದಿಳಿಯತೊಡಗಿದರು. ಇವರನ್ನು ಬಿಡಿಸಲು ಮಾಲೀಕನಿಗೆ ಜಾತಿಯ ಜೊತೆಗೆ ಹೆಚ್ಚಿನ ಬಾಡಿಗೆಯೆಂಬ ಇನ್ನೊಂದು ಕಾರಣವೂ ಸಿಕ್ಕಿತು.

ಸಾವಿತ್ರಿ ಅಂಥದೇ ಒಂದು ಗಾಜಿನ ಕಟ್ಟಡದಲ್ಲಿ ನೆಲ ಒರೆಸುತ್ತಿದ್ದಳು. ಬಚ್ಚಲಿನ ಪ್ರಸಂಗದ ಮರುದಿನ ಮೂರನೇ ಮಹಡಿಯಲ್ಲಿ ಒರೆಸುತ್ತ ಹೋದಾಗ ಎದುರಿಗೆ ಎರಡು ಬೂಟು ನಿಂತವು. ಬಾಗಿಲ ಸಂದಿನಲ್ಲಿ ಕಂಡವೇ. ತಲೆ ಎತ್ತಿದಳು. ಕುತ್ತಿಗೆಗೆ ಕಾರ್ಡು ನೇತುಹಾಕಿಕೊಂಡ ಹುಡುಗ. ಕಾರ್ಡಿನಲ್ಲಿ ವಿನಾಯಕ ಎಂದಿತ್ತು.

"ನಮಗ ನಿಮ್ಮ ಬೂಟಿನ ಗುರುತ ಐತ್ರಿ," ಎಂದಳು.

ಹುಡುಗ ಕಕ್ಕಾಬಿಕ್ಕಿಯಾದ. ಅವಳು ಕನ್ನಡದಲ್ಲಿ ಮಾತಾಡಿದ್ದಕ್ಕೋ ಮಾತಿನ ಅರ್ಥಕ್ಕೋ, ಕಿವಿ ಕೆಂಪಾಯಿತು.

"ಸಾರಿ ಆಂಟಿ. ಒಳಗೆ ಜನ ಇದಾರೆ ಅಂತ ನಂಗೊತ್ತಿರ್ಲಿಲ್ಲ. ಅವ್ರು ಹಾಗೆಲ್ಲ ಬರೋ ಹಾಗಿಲ್ಲ, ಗೊತ್ತಾ? ನಮ್ಮ ಗೆಸ್ಟ್ ಹೌಸ್ ಅಗ್ರಿಮೆಂಟಲ್ಲೇ ಇದೆ. ಓನರ್ ಬರ್ಬೇಕಂದ್ರೆ ಮುಂಚೆನೇ ತಿಳಿಸ್ಬೇಕು, ನಾವು ಹೂಂ ಅನ್ಬೇಕು. ಬಾಡಿಗೆ ಕೊಡೋವರೆಗೂ ಮನೆ ನಮ್ದೇ."

"ಅದು ನಿಮಗ್ರಿ. ನಮಗೂ ಐತೇನು ಆ ಕಾನೂನ?"

"ಕಾನೂನಲ್ಲಿ ನಿಮಗೊಂದು ನಮಗೊಂದು ಅಂತ ಇರಲ್ಲ ಆಂಟಿ."

ಸಾವಿತ್ರಿ ಒರೆಸುವ ಕೋಲಿಗೆ ಗದ್ದ ಊರಿ ಅವನನ್ನೇ ನೋಡಿದಳು. ಅಂಥದ್ದೊಂದು ಜಾಗ ಭೂಮಿಯ ಮೇಲೆ ಇರುವುದನ್ನು ಇವನು ಎಷ್ಟು ಸಲೀಸಾಗಿ ಹೇಳುತ್ತಿದ್ದಾನಲ್ಲ ಎನ್ನಿಸಿತು. ಹುಡುಗ ಎರಡು ಹೆಜ್ಜೆ ಹೋಗಿ ತಿರುಗಿ ಬಂದ. ದನಿ ತಗ್ಗಿಸಿದ.

"ಆಂಟಿ, ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡಿ. ನೀವು ಖಾಲಿ ಮಾಡಿದ್ರೆ ನಾನೇ ಬರೋದು ಅಲ್ಲಿಗೆ."

ಸಾವಿತ್ರಿಗೆ ನಗು ತಡೆಯಲಾಗಲಿಲ್ಲ. ಇಡೀ ಮೂರನೇ ಮಹಡಿ ತಲೆ ಎತ್ತಿ ನೋಡುವಷ್ಟು ನಕ್ಕಳು.

ಸಂಜೆ ಗರಿಯಾಹಾಟಿನ ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ಬಾಗಿಲಿಗೆ ಕೂರಿಸುವ ಒಂದು ಹೊಸ ಬೀಗ, ಒಂದು ಗೇಣುದ್ದದ ಕಬ್ಬಿಣದ ಚಿಲಕ ಕೊಂಡಳು. ಬಸು ಅದನ್ನು ಕಂಡು ಕೂತಲ್ಲೇ ಬೆವತ.

"ಏ, ಹುಚ್ಚಗಿಚ್ಚ ಹಿಡದೈತೇನ ನಿನಗ? ದೊಡ್ಡ ಮನಶ್ಯಾ ಅಂವಾ. ಆಫೀಸರ್ ಆಗಿದ್ದಂವ."

"ದೊಡ್ಡ ಮನಶ್ಯಾ ನನ್ನ ಬಚ್ಚಲದಾಗ ಇಣಕೂದ್ಯಾಕ? ನೀ ಎಷ್ಟ ಮೈಲ ಹಳಿಗೆ ಬೋಲ್ಟ್ ಬಿಗದಿ ಬಸೂ? ನನ್ನ ಬಾಗಲಕ್ಕ ನಾಕ ಸ್ಕ್ರೂ ಬಿಗಿಯಾಕ ಆಗೂದಿಲ್ಲೇನ?"

ಬಸು ಚಿಲಕವನ್ನು ಕೈಯಲ್ಲಿ ತಿರುವಿ ತಿರುವಿ ನೋಡಿದ. ಆಮೇಲೆ ಎದ್ದು ಬಿಗಿದ. ಬಿಗಿಯಲು ಕೂತ ಮೇಲೆ ಮಾತ್ರ ರೈಲೇ ಹಾದರೂ ಅಲುಗದ ಹಾಗೆ ಬಿಗಿದ.

ಶನಿವಾರ ಉಮಾಪತಿ ಬಂದ. ಕೀಲಿ ತಿರುಗಲಿಲ್ಲ. ಎಡಕ್ಕೆ, ಬಲಕ್ಕೆ ತಿರುಗಿಸಿ ನೋಡಿ, ಬಾಗಿಲು ಗುದ್ದಿದ. ಸಾವಿತ್ರಿ ಕಿಟಕಿಯ ಒಂದು ರೆಕ್ಕೆ ತೆಗೆದಳು.

"ಏನ್ರಿ ಸಾಹೇಬ್ರ?"

"ಯಾರ್ನ ಕೇಳಿ ಕೀಲಿ ಬದಲ ಮಾಡಿದಿ, ರಂಡೆ? ನನ್ನ ಮನಿ ಇದು!"

"ಗ್ವಾಡಿ ನಿಮ್ಮದ್ರಿ. ಒಳಗಿರೂದು ನಾವು. ಬರೂದಿದ್ರ ಒಂದಿನ ಮೊದಲ ಹೇಳ್ರಿ, ಯಾಕ ಅಂತನೂ ಹೇಳ್ರಿ. ಚಾ ಮಾಡಿ ಇಡ್ತೀನಿ."

"ನನ್ನ ಮನ್ಯಾಗ ನಾ ಕಾಲಿಡಾಕ ನಿನ್ನಂಥಾ ಹೊಲತೀನ್ನ ಕೇಳಬೇಕಾ? ನಿಮ್ಮನ್ನ ಕೇರಿಯೊಳಗ ಇಡಬೇಕ, ಊರೊಳಗ ಬಿಟ್ಟದ್ದ ತಪ್ಪಾತು!"

"ಬಾಯಿ ಹೊಲಸ ಮಾಡ್ಕೋಬ್ಯಾಡ್ರಿ. ಮನ್ಯಾಗ ದೇವರ ಪೂಜಿ ಮಾಡೂ ಬಾಯಿ," ಎಂದು ಕಿಟಕಿ ಹಾಕಿಕೊಂಡಳು. ಹೊಸ ಚಿಲಕ ಭದ್ರವಾಗಿದೆಯೇ ಎಂದು ಒಮ್ಮೆ ಎಳೆದು ನೋಡಿದಳು.

ಭಾನುವಾರ ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಗಾಳಿ ಮಾತ್ರ ಬಂತು. ಹಿತ್ತಲಿನ ಕೊಳವೆಗೆ ನೀರು ಬಿಡುವ ತಿರುಗಣೆ ಮಾಲೀಕನ ಅಡುಗೆಮನೆಯಲ್ಲಿತ್ತು. ಬಸು ರಸ್ತೆಯ ಬೋರಿಗೆ ಹೋಗಿ ಬರುತ್ತೇನೆಂದು ಕೊಡ ಹಿಡಿದ. ಸಾವಿತ್ರಿ ಅವನ ಕೈಯಿಂದ ಅದನ್ನು ತೆಗೆದುಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಇನ್ನೆರಡು ಕೊಡ ಅವನ ಕೈಗೆ ಕೊಟ್ಟು, "ನನ್ನ ಹಿಂದ ಬಾ," ಎಂದಳು.

ಮುಂಬಾಗಿಲು ತೆರೆದಿತ್ತು. ಉಮಾಪತಿ ಆರಾಮಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದ. ಅವನು ಪೇಪರು ಇಳಿಸುವಷ್ಟರಲ್ಲಿ ಸಾವಿತ್ರಿ ಪಡಸಾಲೆ ದಾಟಿ, ದೇವರ ಕೋಣೆ ದಾಟಿ, ಅಡುಗೆಮನೆಯೊಳಗೆ ನಿಂತಿದ್ದಳು. ಮಡಿಯುಟ್ಟು ಹೂರಣ ರುಬ್ಬುತ್ತಿದ್ದ ಅವನ ಹೆಂಡತಿ ವಿಶಾಲಾಕ್ಷಿ "ಅಯ್ಯಯ್ಯಯ್ಯ" ಎಂದು ಗೋಡೆಗೆ ಅಂಟಿಕೊಂಡಳು.

ಸಾವಿತ್ರಿ ನಲ್ಲಿಯ ಕೆಳಗೆ ಕೊಡ ಇಟ್ಟು ತಿರುಗಿಸಿದಳು. ನೀರು ಸಣ್ಣಗೆ ಬೀಳತೊಡಗಿತು.

"ಏ! ಏ! ಯಾರ್ನ ಕೇಳಿ ಒಳಗ ಬಂದಿ?" ಉಮಾಪತಿ ಬಾಗಿಲಲ್ಲಿ ಕುಣಿಯುತ್ತಿದ್ದ. "ಹೇಳದ ಕೇಳದ ಮಂದಿ ಮನಿಗೆ ನುಗ್ಗತೀಯಾ?"

"ಹಿತ್ತಲದಾಗ ನೀರ ನಿಂತೈತ್ರಿ. ಎರಡ ನಿಮಿಷದ ಕೆಲಸ."

"ಹೊರಗ ನಡಿ! ವಿಶಾಲೂ, ಅಕೀನ್ನ ಎಳದ ಹೊರಗ ಹಾಕ!"

"ನಾ ಮಡಿಯೊಳಗಿದ್ದೇನಿ! ನೀವ ಎಳೀರಿ!"

"ನಂದ ಜಳಕ ಆಗೇದ, ಪೂಜಿ ಆಗಬೇಕು!"

ಸಾವಿತ್ರಿಗೆ ಆಗಲೇ ಹೊಳೆದದ್ದು. ಅವಳನ್ನು ಹೊರಗೆ ಹಾಕಬೇಕೆಂದರೆ ಮೊದಲು ಮುಟ್ಟಬೇಕು. ಇಷ್ಟು ದೊಡ್ಡ ಮನೆಯಲ್ಲಿ ಅದಕ್ಕೆ ಯಾರೂ ಇಲ್ಲ. ಉಮಾಪತಿ ಪೇಪರನ್ನು ಸುರುಳಿ ಸುತ್ತಿ ಎತ್ತಿದ, ನೋಡಿದ, ಇಳಿಸಿದ. "ಪೊಲೀಸರನ್ನ ಕರೀತೇನಿ," ಎಂದ.

"ಕರೀರಿ. ನೀರ ಯಾರ್ ಬಂದ್ ಮಾಡ್ಯಾರ ಅಂತ ಅವ್ರೂ ಕೇಳ್ಲಿ. ಬಚ್ಚಲದ ಸುದ್ದಿನೂ ನಾನ ಹೇಳ್ತೀನಿ."

ಪೊಲೀಸರ ಮಾತು ಅಲ್ಲಿಗೇ ನಿಂತಿತು. ವಿಶಾಲಾಕ್ಷಿ ಗೋಡೆ ಬಿಟ್ಟು ಗಂಡನ ಮುಖ ನೋಡಿದಳು. "ಬಚ್ಚಲದ ಸುದ್ದಿ ಏನ್ರೀ ಅದು?" ಎಂದಳು. ಉಮಾಪತಿ ಪೇಪರು ಬಿಡಿಸಿ ಏನೋ ಹುಡುಕತೊಡಗಿದ.

ಕೊಡ ನಿಧಾನವಾಗಿ ತುಂಬಿತು. ಸಾವಿತ್ರಿ ಅದನ್ನು ಸೊಂಟಕ್ಕೆ ಏರಿಸಿ, ಬಂದ ದಾರಿಯಲ್ಲೇ ನಡೆದಳು. ತುಳುಕಿದ ನೀರು ದೇವರ ಕೋಣೆಯ ಹೊಸ್ತಿಲವರೆಗೂ ಗೆರೆ ಎಳೆಯಿತು. ಮುಂಬಾಗಿಲಲ್ಲಿ ಬಸು ತಲೆ ತಗ್ಗಿಸಿ ನಿಂತಿದ್ದ. ಅವಳು ತುಂಬಿದ ಕೊಡ ಅವನ ಹೆಗಲಿಗೆ ಕೊಟ್ಟು, ಖಾಲಿ ಕೊಡ ತೆಗೆದುಕೊಂಡು, ಮತ್ತೆ ಒಳಗೆ ತಿರುಗಿದಳು.

"ಬಾಗಲಾ ಹಾಕಬ್ಯಾಡ್ರಿ ಬಾಯಾರ," ಎಂದಳು ವಿಶಾಲಾಕ್ಷಿಗೆ. "ಇನ್ನ ಎರಡ ಕೊಡ ಐತಿ."