ಕೇಸರ್‌ಗೆ ಕೊಟ್ಟ ಜಂತಿನ ಔಷಧ

ಕೇಸರ್‌ಳ ಹೊಟ್ಟೆಯಲ್ಲಿ ಜಂತುಹುಳ ತುಂಬಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವಳ ಲದ್ದಿಯನ್ನು ನಾನೇ ಮೈಕ್ರೋಸ್ಕೋಪಿನಲ್ಲಿ ನೋಡಿದ್ದೆ. ಗಾಜಿನ ತುಂಬ ಬರೀ ಮೊಟ್ಟೆ. ಏಳು ತಿಂಗಳ ಕಾಠಿಯಾವಾಡಿ ತಳಿಯ ಕುದುರೆಮರಿ. ಕಿವಿಯ ತುದಿಗಳೆರಡೂ ಒಂದಕ್ಕೊಂದು ತಾಗುವಷ್ಟು ಬಾಗಿದ್ದವು. ಪಕ್ಕೆಲುಬು ಎಣಿಸಬಹುದಿತ್ತು, ಹೊಟ್ಟೆ ಮಾತ್ರ ಮಡಕೆಯಂತೆ ಉಬ್ಬಿತ್ತು.

ಇಂಥ ಮರಿಗೆ ಜೋರಾದ ಔಷಧವನ್ನು ಒಂದೇ ಸಲ ಕೊಡಬಾರದು. ಹುಳಗಳೆಲ್ಲ ಒಟ್ಟಿಗೆ ಸತ್ತರೆ ಕರುಳಿಗೇ ಬಿರಡೆ ಹಾಕಿದ ಹಾಗೆ. ಮೊದಲು ಸೌಮ್ಯವಾದದ್ದು, ಹದಿನೈದು ದಿನ ಬಿಟ್ಟು ಜೋರಾದದ್ದು. ಪಶುವೈದ್ಯಕೀಯ ಓದಿದವರಿಗೆಲ್ಲ ಗೊತ್ತಿರುವ ಸಂಗತಿ.

ಆದರೆ ನನ್ನ ಗಂಡ ಯಶವಂತನಿಗೆ ಸೂರತ್‌ನಿಂದ ವಡೋದರಾಕ್ಕೆ ಬ್ಯಾಂಕಿನ ವರ್ಗಾವಣೆ ಬಂದಿತ್ತು. ಅಡಾಜಣ್ ಬಡಾವಣೆಯ ನಮ್ಮ ಮನೆಯ ತುಂಬ ರಟ್ಟಿನ ಡಬ್ಬಿಗಳು.

"ಏನೂ ಬಾಕಿ ಇಟ್ಕೋಬ್ಯಾಡ. ಬುಧವಾರ ಲಾರಿ ಬರ್ತದ. ಆ ಕುದ್ರಿ ಮರೀದೂ ಮುಗಿಸಿಬಿಡು" ಅಂದ.

"ಅದಕ್ಕ ಎರಡ ಸಲ ಕೊಡಬೇಕ್ರಿ."

"ಹದಿನೈದ ದಿವ್ಸ ಬಿಟ್ಟು ಅಲ್ಲಿಂದ ಮತ್ತ ಬರ್ತೀಯೇನು?"

ಮೂರು ವರ್ಷಕ್ಕೊಮ್ಮೆ ಊರು ಬದಲಿಸುವವರ ಚಾಳಿ ಇದು. ಹೊರಡುವ ಮುಂಚೆ ಎಲ್ಲವನ್ನೂ ಕಟ್ಟಿ, ಅಂಟು ಹಚ್ಚಿ, ಮುಗಿಯಿತು ಅನ್ನಿಸಿಕೊಳ್ಳಬೇಕು. ಸೋಮವಾರ ಬೆಳಿಗ್ಗೆ ಊರಿನ ಇನ್ನೊಂದು ಬದಿಯ ಕತಾರ್‌ಗಾಮ್‌ನ ಲಾಯಕ್ಕೆ ಹೋಗಿ, ಜೋರಾದ ಔಷಧವನ್ನೇ ಪೂರ್ತಿ ಪ್ರಮಾಣದಲ್ಲಿ ಕೇಸರ್‌ಳ ನಾಲಿಗೆಯ ಮೇಲೆ ಒತ್ತಿ ಬಂದೆ.

ಮಂಗಳವಾರ ಮಧ್ಯಾಹ್ನ ಫೋನು ಬಂತು. ಮಾತಾಡಿದ್ದು ಲಾಯದ ಮಾಲೀಕ, ಮದುವೆ ಮೆರವಣಿಗೆಗೆ ಕುದುರೆ ಕಳಿಸುವ ವಜುಭಾಯಿ; ನನ್ನನ್ನು ಅವನು ಕರೆಯುವುದು ಬೆನ್, ಅಂದರೆ ಅಕ್ಕ ಎಂದು. "ಬೆನ್, ಬೇಗ ಬನ್ನಿ, ಮರಿ ಹುಚ್ಚು ಹಿಡಿದಂತೆ ಆಡ್ತಿದೆ."

ನಾನು ಹೋದಾಗ ಕೇಸರ್ ತಲೆಯನ್ನು ಗೋಡೆಗೆ ಬಡಿಯುತ್ತಿದ್ದಳು. ಒಂದು ಕಣ್ಣಿನ ಮೇಲಿನ ಚರ್ಮ ಕಿತ್ತು ಜೋತುಬಿದ್ದಿತ್ತು. ದೊಪ್ಪನೆ ನೆಲಕ್ಕೆ ಬೀಳುವಳು, ತನ್ನ ಹೊಟ್ಟೆಯನ್ನು ತಾನೇ ಒದ್ದುಕೊಳ್ಳುವಳು, ಏಳುವಳು, ಮತ್ತೆ ಗೋಡೆ. ಲಾಯ ನೋಡಿಕೊಳ್ಳುವ ಭೀಖಾ, ಐವತ್ತು ದಾಟಿದ ಮನುಷ್ಯ, ಅವಳ ಕುತ್ತಿಗೆಗೆ ಜೋತುಬಿದ್ದು ಹಿಡಿದ. ನಾನು ನೋವಿನ ಇಂಜೆಕ್ಷನ್ ಚುಚ್ಚಿ ಮೂಗಿನಿಂದ ಹೊಟ್ಟೆಯವರೆಗೆ ನಳಿಗೆ ಇಳಿಸಿದೆ. ಕೆಂಪು ನೀರು ಚಿಮ್ಮಿತು, ಅದರೊಂದಿಗೆ ಗೇಣುದ್ದದ ಎರಡು ಬಿಳಿ ಹುಳ ನನ್ನ ಪಾದದ ಮೇಲೆ ಬಿದ್ದವು.

ಇದ್ದಕ್ಕಿದ್ದಂತೆ ಅವಳು ಸುಮ್ಮನಾದಳು. ಭೀಖಾ "ಕಡಿಮೆಯಾಯ್ತು" ಎಂದು ನಕ್ಕ. ಕಡಿಮೆಯಾಗಿರಲಿಲ್ಲ, ಕರುಳು ಒಡೆದಿತ್ತು. ಅರ್ಧ ಗಂಟೆಯೊಳಗೆ ಪ್ರಾಣ ನಿಲ್ಲಿಸುವ ಕೊನೆಯ ಇಂಜೆಕ್ಷನ್ನನ್ನೂ ನಾನೇ ಕೊಟ್ಟೆ.

ವಜುಭಾಯಿ ಭೀಖಾನ ಕಡೆ ತಿರುಗಿದ. "ನಿನ್ನೆಯಿಂದ ಏನು ತಿನ್ನಿಸಿದೆ?"

"ಔಷಧ ಕಹಿ ಇತ್ತು ಮಾಲೀಕ. ಬಾಯಿ ಸಿಹಿಯಾಗಲಿ ಅಂತ ಒಂದು ಚೂರು ಬೆಲ್ಲ."

ಗೂಟದಲ್ಲಿದ್ದ ಚರ್ಮದ ಲಗಾಮು ವಜುಭಾಯಿಯ ಕೈಗೆ ಬಂತು. ಮೊದಲ ಏಟು ಭೀಖಾನ ಕಿವಿಯ ಮೇಲೆ ಬಿತ್ತು, ಎರಡನೆಯದು ಬೆನ್ನಿಗೆ. ಕಬ್ಬಿಣದ ಕಡಿವಾಣ ಲಗಾಮಿನ ತುದಿಯಲ್ಲೇ ಇತ್ತು. ಅದು ತಗುಲಿದಲ್ಲೆಲ್ಲ ಅಂಗಿಯ ಜೊತೆ ಚರ್ಮವೂ ಹರಿಯಿತು. ಭೀಖಾ ಓಡಲಿಲ್ಲ. ಸತ್ತ ಮರಿಯ ಪಕ್ಕ ಮೊಣಕಾಲೂರಿ ಕುಳಿತು ತಲೆಯನ್ನಷ್ಟೇ ಮುಚ್ಚಿಕೊಂಡ.

ನಾನು ಜಗಳಗಂಟಿ. ರಿಕ್ಷಾದವನು ಹತ್ತು ಹೆಜ್ಜೆ ಹಿಂದೆ ಇಳಿಸಿದರೂ ಬಿಡುವವಳಲ್ಲ. ಅಂಥವಳು ಅಲ್ಲಿ ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ಬೆಲ್ಲದಿಂದ ಯಾವ ಕುದುರೆಯೂ ಹೀಗೆ ಸಾಯುವುದಿಲ್ಲ ಎಂದು ನನಗೆ ಗೊತ್ತಿತ್ತು. ನಾಳೆ ಲಾರಿ ಬರುತ್ತದೆ, ಈ ಊರೇ ಬಿಟ್ಟುಹೋಗುತ್ತದೆ ಎಂಬುದೂ ಗೊತ್ತಿತ್ತು. ಹನ್ನೊಂದನೆಯ ಏಟಿಗೆ ಭೀಖಾನ ಬಾಯಿಂದ ರಕ್ತ ಬಂತು.

"ನಿಲ್ಲಿಸಿ! ತಪ್ಪು ನನ್ನದು" ಅಂದೆ.

"ಇವನನ್ನ ಉಳಿಸೋಕೆ ಸುಳ್ಳು ಹೇಳಬೇಡಿ ಬೆನ್" ಎಂದ ವಜುಭಾಯಿ ಇನ್ನಷ್ಟು ಜೋರಾಗಿ ಬಾರಿಸಿದ.

ಆಗ ನಾನು ಚೀಲದಿಂದ ಚೂರಿ ತೆಗೆದೆ. ಕೇಸರ್‌ಳ ಹೊಟ್ಟೆಯನ್ನು ಎದೆಯಿಂದ ತೊಡೆಯವರೆಗೆ ಸೀಳಿದೆ. ನಾತಕ್ಕೆ ಕಣ್ಣು ಉರಿಯಿತು. ಮೊಣಕೈವರೆಗೆ ಕೈ ಹಾಕಿ ಒಡೆದ ಕರುಳನ್ನು ಎಳೆದು ವಜುಭಾಯಿಯ ಮುಂದೆ ಹಿಡಿದೆ. ಬೇಯಿಸಿದ ಶಾವಿಗೆಯ ಉಂಡೆಯಂತೆ ಸತ್ತ ಹುಳಗಳು ಗಂಟು ಕಟ್ಟಿ ಸಿಕ್ಕಿಕೊಂಡಿದ್ದವು.

"ಬೆಲ್ಲ ಎಲ್ಲಿದೆ ತೋರಿಸಿ! ಇವೆಲ್ಲ ನನ್ನ ಔಷಧಕ್ಕೆ ಒಂದೇ ಸಲ ಸತ್ತಿವೆ. ಎರಡು ಸಲ ಕೊಡಬೇಕಿತ್ತು. ಊರು ಬಿಡುವ ಅವಸರಕ್ಕೆ ಒಂದೇ ಸಲ ಕೊಟ್ಟೆ."

ವಜುಭಾಯಿ ಬಗ್ಗಿ ನೋಡಿದ. ಲಗಾಮು ಕೆಳಗೆ ಬಿತ್ತು. ನನಗೂ ಬಾರಿಸುತ್ತಾನೆ ಎಂದು ಕಾದೆ. ನಿಜ ಹೇಳುತ್ತೇನೆ, ಬಾರಿಸಲಿ ಎಂದೇ ಬಯಸಿದೆ. ಅವನು ಒಳಗೆ ಹೋಗಿ ಪ್ಲಾಸ್ಟಿಕ್ ಕುರ್ಚಿ ತಂದು ನನ್ನ ಹಿಂದೆ ಇಟ್ಟ.

"ಕೂತ್ಕೊಳ್ಳಿ ಬೆನ್. ಡಾಕ್ಟರೂ ಮನುಷ್ಯರೇ ಅಲ್ವಾ, ಆಗ್ತದೆ. ಏ ಭೀಖಾ, ಬೆನ್‌ಗೆ ಕೈ ತೊಳೆಯೋಕೆ ನೀರು ತಾ."

"ಮೊದಲು ಅವನ ಕಾಲು ಹಿಡಿದು ಕ್ಷಮೆ ಕೇಳು!" ಎಂದು ಕಿರುಚಿದೆ. ವಜುಭಾಯಿ ನಾನು ಯಾವುದೋ ಭಾಷೆಯಲ್ಲಿ ಮಾತಾಡಿದ ಹಾಗೆ ನೋಡಿ, ಹೆಣ ಸಾಗಿಸುವ ಗಾಡಿಗೆ ಫೋನು ಮಾಡಲು ಹೊರಗೆ ಹೋದ.

ಭೀಖಾ ತಂಬಿಗೆ ತಂದ. ಒಂದು ಕೈ ಮೇಲೆತ್ತಲಾಗುತ್ತಿರಲಿಲ್ಲ, ಇನ್ನೊಂದರಲ್ಲಿ ನೀರು ಹೊಯ್ದ. ಬೇಡ ಎನ್ನಬೇಕಿತ್ತು. ಕೈಯೊಡ್ಡಿ ತೊಳೆದುಕೊಂಡೆ. ಅವನ ಮುಖ ನೋಡುವ ಧೈರ್ಯ ಬರಲಿಲ್ಲ.

ತಂಬಿಗೆ ಖಾಲಿಯಾದ ಮೇಲೆ ಅವನು ಮೆಲ್ಲಗೆ ಕೇಳಿದ: "ಮೊದಲನೇ ಏಟಿಗೇ ಹೇಳಬಹುದಿತ್ತಲ್ಲ, ಬೆನ್?"