ಹಟ್ಟಿಯ ಬಾಯಿ

ಜಾಲಿಯ ಕೊನೆಯ ಕಂಟಿಯನ್ನು ದರದರ ಎಳೆದು ತಂದು ಬೇಲಿಯ ಬಾಯಿಗೆ ಒತ್ತಿದ ಮೇಲೆಯೇ ರೂಪಾಳ ಎದೆ ಸ್ವಲ್ಪ ತಣ್ಣಗಾಯಿತು. ಹೆಬ್ಬೆರಳಿಗೆ ಮುಳ್ಳು ಮುರಿದಿತ್ತು. ಅದನ್ನು ಬಾಯಲ್ಲಿಟ್ಟು ಚೀಪುತ್ತ ಸುತ್ತಲೂ ನೋಡಿದಳು. ಎದೆಮಟ್ಟದ ಮುಳ್ಳುಬೇಲಿ, ಗುಂಡಗೆ ಬಳೆ ಇಟ್ಟ ಹಾಗೆ. ಈಗ ಎಲ್ಲಿಯೂ ಕಿಂಡಿಯಿಲ್ಲ. ನಡುವೆ ಅವಳೇ ಹೊಲಿದ ತಾಡಪತ್ರಿ ಗುಡಾರ. ಅದರೊಳಗೆ ಮಗಳು ದೇವಿಕಾ, ಮೊಣಕಾಲೂರಿ ನೆಲವನ್ನು ಒತ್ತಿ ಒತ್ತಿ ನೋಡುತ್ತಿದ್ದಳು.

"ಮಮ್ಮಿ, ನೆಲಾ ಗಾದಿ ಇದ್ದಂಗ ಐತಿ!"

"ಕುರಿ ಹಿಕ್ಕಿ ಅದು. ಒಣಗೇತಿ, ಏನೂ ಆಗೂದಿಲ್ಲ."

"ಛೀ!"

"ನೀನ ಕುಣದಿದ್ದೆಲಾ ಕಾಡು ಕಾಡು ಅಂತ. ಕಾಡಿನ್ಯಾಗ ಏನು ಗುಲಾಬಿ ಹಾಸಿರ್ತಾರೇನು?"

ಕಾಡು ಎನ್ನಲು ಅಲ್ಲಿ ಮರಗಳೇನೂ ಇರಲಿಲ್ಲ. ಗಜೇಂದ್ರಗಡದ ಗುಡ್ಡ ಹತ್ತಿ, ಕರೆಂಟು ಮಾಡುವ ಗಾಳಿ ಫ್ಯಾನುಗಳ ಸಾಲು ದಾಟಿ, ಹಾದಿ ಎಂಬುದು ಮುಗಿದ ಮೇಲೂ ಒಂದು ತಾಸು ನಡೆದರೆ ಸಿಗುವ ಬಂಡೆಗಲ್ಲಿನ ಬಯಲು, ಕಾರಿಕಂಟಿ, ಒಣಹುಲ್ಲು. ಆದರೆ ದೇವಿಕಾಳ ಮಟ್ಟಿಗೆ ಇದೇ ಕಾಡು. ಆರು ತಿಂಗಳಿಂದ ಅವಳು ಮೊಬೈಲಿನಲ್ಲಿ ಒಂದೇ ವಿಡಿಯೋ ನೋಡುತ್ತಿದ್ದಳು. ಉತ್ತರದ ಯಾವುದೋ ಹಿಮದ ದೇಶ, ಕಂಬದಂಥ ಮರಗಳು, ಒಬ್ಬ ಅಪ್ಪ, ಒಬ್ಬಳು ಮಗಳು. ಅವರ ಮಾತು ಇವರಿಬ್ಬರಿಗೂ ತಿಳಿಯುತ್ತಿರಲಿಲ್ಲ. ತಿಳಿದದ್ದು ಇಷ್ಟು: ಅಲ್ಲಿ ಗೇಟಿಲ್ಲ, ಚೀಟಿಯಿಲ್ಲ, ಯಾರಪ್ಪಣೆಯೂ ಬೇಡ. ನಾಲ್ಕು ಗೂಟ ಬಡಿದು ಮಲಗುವುದು, ಬೆಳಗಾಗೆದ್ದು ತಮ್ಮ ಗುರುತು ಒಂದೂ ಉಳಿಯದಂತೆ ಬಳಿದುಕೊಂಡು ಹೋಗುವುದು.

ರೂಪಾ, ಇಟಗಿ ಊರಿನ ಮೇಲೆ ಹಾದು ರೋಣಕ್ಕೆ ಹೋಗುವ ಬಸ್ಸಿನ ಕಂಡಕ್ಟರ್. ಕರೆದುಕೊಂಡು ಹೋಗುತ್ತೇನೆಂದು ಮೂರು ಸಲ ಮಾತು ಕೊಟ್ಟಿದ್ದಳು, ಮೂರು ಸಲವೂ ಡ್ಯೂಟಿ ಬಿದ್ದಿತ್ತು. ನಾಲ್ಕನೆಯ ಸಲ ಮಗಳು ಕೇಳಲೇ ಇಲ್ಲ. ಕೇಳುವುದನ್ನೇ ಬಿಟ್ಟ ಆ ಮುಖ ನೋಡಿ ಅವಳಿಗೆ ಒಳಗೊಳಗೇ ದಿಗಿಲಾಗಿ, ರಜೆ ಬರೆದು ಕೊಟ್ಟು ಬಂದಿದ್ದಳು. ಬಾಜೂ ಮನೆಯವರಿಗೆ ಸವಡಿಗೆ, ತವರಿಗೆ ಹೋಗುತ್ತೇವೆ ಎಂದಳು. ಗೋವಾದಲ್ಲಿ ಪೇಂಟಿಂಗ್ ಕೆಲಸಕ್ಕಿದ್ದ ಗಂಡ ಅಮರೇಶನಿಗೂ ಫೋನಿನಲ್ಲಿ ಅದನ್ನೇ ಹೇಳಿದಳು. ನಿಜ ಹೇಳಿದ್ದರೆ ಯಾರು ಬಿಡುತ್ತಿದ್ದರು? ಹೀಗಾಗಿ ತಾವಿಬ್ಬರೂ ಈ ಗುಡ್ಡದ ಮೇಲಿರುವುದು ಹುಟ್ಟಿದ ಒಂದು ನರಪಿಳ್ಳೆಗೂ ಗೊತ್ತಿಲ್ಲ ಎಂಬುದು, ಹೊತ್ತು ಮುಳುಗುವಾಗ, ಥಟ್ಟನೆ ನೆನಪಾಯಿತು. ಯಾರೋ ಬಿಟ್ಟುಹೋದ ಈ ಕುರಿಹಟ್ಟಿ ಕಣ್ಣಿಗೆ ಬಿದ್ದದ್ದು ದೇವರು ಕೊಟ್ಟ ಹಾಗೆಯೇ ಆಗಿತ್ತು. ಆಳಗಲ ಬಾಯೊಂದು ತೆರೆದುಕೊಂಡಿತ್ತು, ಅದನ್ನೂ ಮುಚ್ಚಿದ್ದಾಯಿತು.

ಹೊರಗೆ ಯಾರೋ ಕೆಮ್ಮಿದರು.

ಬೇಲಿಯಾಚೆ, ಕೂಗಳತೆಗಿಂತ ಹತ್ತಿರದಲ್ಲಿ, ಒಬ್ಬ ಮುದುಕ ನಿಂತಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಕಾಲ ಬಳಿ ಒಂದು ಕರಿನಾಯಿ.

"ಯಾರದು ಒಳಗ?"

"ನೀವ್ಯಾರು?" ರೂಪಾ ಬಸ್ಸಿನ ದನಿ ತೆಗೆದಳು. ಆ ದನಿಗೆ ಫುಟ್‌ಬೋರ್ಡಿನ ಗಂಡಸರೆಲ್ಲ ಒಳಗೆ ಸರಿಯುತ್ತಿದ್ದರು. ಈತ ಸರಿಯಲಿಲ್ಲ.

"ಈ ಹಟ್ಟಿ ಹಾಕಿದಾವ ತಂಗಿ. ಗ್ಯಾನಪ್ಪ ಅಂತ. ಬಾಯಿ ಯಾಕ ಮುಚ್ಚೀರಿ?"

"ಮತ್ತ ತಗದಿಟ್ಟು ಮಲಗಬೇಕೇನು?"

"ಇಲ್ಲಿ ಮಲಗೂದ ಬ್ಯಾಡ. ಹೋದ ವಾರ ಇಲ್ಲೇ ಎರಡು ಮರಿ ಒಯ್ತು ತೋಳ. ಅದಕ್ಕ ನಾವು ಹಟ್ಟಿ ಬಿಟ್ಟು ಆ ಮಗ್ಗಲಿಗೆ ಹ್ವಾದ್ವಿ. ಬಿಟ್ಟ ಹಟ್ಟಿ ಬಾಯಿ ಮುಚ್ಚಬಾರದವ್ವಾ. ಅದು ದಿನಾ ಹೊತ್ತು ಮುಳುಗಿದ ಮ್ಯಾಲ ಬರ್ತೈತಿ. ಒಳಗ ಹೊಕ್ಕು ಮೂಸಿ ನೋಡಿ, ಏನಿಲ್ಲಂತ ಖಾತ್ರಿ ಮಾಡ್ಕೊಂಡು ತನ್ನ ಹಾದಿ ಹಿಡೀತೈತಿ. ಬಾಯಿ ಮುಚ್ಚಿತ್ತಂದ್ರ ಒಳಗ ಮರಿ ಅದಾವಂತ ತಿಳ್ಕೊಂತೈತಿ."

ಹೇಳುತ್ತ ಹೇಳುತ್ತ ಅವನು ಕಣ್ಣು ಕಿರಿದು ಮಾಡಿ ಅವಳ ಮುಖ ನೋಡಿದ. "ನೀವು ಇಟಗಿ ಬಸ್ಸಿನ ಕಂಡಕ್ಟರ್ ಅಕ್ಕಾರಲ್ಲೇನು? ಜಡ್ಡಾದ ಮರಿ ತಂದಿದ್ದಕ್ಕ ನನ್ನ ನಡುಹಾದ್ಯಾಗ ಇಳಿಸಿದವ್ರು?"

ರೂಪಾಳಿಗೆ ನೆನಪಾಯಿತು. ಮಳೆಗಾಲ, ತುಂಬಿದ ಬಸ್ಸು, ಕಂಬಳಿಯೊಳಗೆ ಉಚ್ಚಿಕೊಳ್ಳುತ್ತಿದ್ದ ಮರಿ, ಮೂಗು ಮುಚ್ಚಿಕೊಂಡ ಮಂದಿ. ಸೀಟಿ ಊದಿ ಇಳಿಸಿದ್ದಳು. ಅವಳು ಬೇಲಿಯಿಂದ ಒಂದು ಹೆಜ್ಜೆ ಹಿಂದೆ ಸರಿದಳು.

"ಜೋಡಿ ಯಾರದಾರ?" ಎಂದ ಅವನು.

"ನಮ್ಮ ಮನಿಯವ್ರದಾರ. ಕಟಗಿ ತರಾಕ ಹೋಗ್ಯಾರ. ಈಗ ಬರ್ತಾರ."

ಗುಡಾರದಿಂದ ದೇವಿಕಾಳ ತಲೆ ಹೊರಬಂತು. "ಪಪ್ಪಾ ಬಂದಾರೇನ್ ಮಮ್ಮಿ? ಗೋವಾದಿಂದ?"

ಕರಿನಾಯಿ ಕಿವಿ ಕೆರೆದುಕೊಂಡಿತು.

"ಸಣ್ಣ ಕೂಸು ಬ್ಯಾರೆ ಐತಿ," ಎಂದ ಗ್ಯಾನಪ್ಪ ಮೆಲ್ಲಗೆ. "ನಮ್ಮ ಹಟ್ಟಿಗೆ ಬರ್ರಿ. ನಮ್ಮಾಕಿ ಅದಾಳ. ರೊಟ್ಟಿ ಬಡಿಯಾಕ ಕುಂತಾಳ."

ಹೆಂಡತಿ ಇದ್ದಾಳೆ ಎಂದು ಯಾವ ಗಂಡಸು ಹೇಳುವುದಿಲ್ಲ? ಹನ್ನೊಂದು ವರ್ಷದ ಬಸ್ಸಿನ ಬಾಳಿನಲ್ಲಿ ರೂಪಾ ಎಲ್ಲ ಬಗೆಯ ಗಂಡಸರ ಎಲ್ಲ ಬಗೆಯ ಸುಳ್ಳನ್ನೂ ಕೇಳಿದ್ದಳು. "ನಾವು ಎಲ್ಲೂ ಬರೂದಿಲ್ಲ. ನೀವು ನಡೀರಿ."

"ಹಂಗಾರ ಬಾಯಿನಾರ ತಗೀರಿ. ಅಷ್ಟಾರ ಮಾಡ್ರಿ."

ಬಾಯಿ ತೆಗೆಯಬೇಕಂತೆ. ಯಾರು ಒಳಗೆ ಬರಲಿಕ್ಕೆ? "ಒಂದು ಹೆಜ್ಜಿ ಮುಂದ ಇಟ್ಟೀರಂದ್ರ ಪೊಲೀಸರಿಗೆ ಫೋನ್ ಹಚ್ತೀನಿ!"

ಮುದುಕ ಅವಳ ಕೈಯಲ್ಲಿದ್ದ ಮೊಬೈಲನ್ನು ನೋಡಿದ. "ಇಲ್ಲಿ ರೇಂಜ್ ಬರೂದಿಲ್ಲ ತಂಗಿ," ಎಂದ. ಕನಿಕರದಿಂದಲೇ ಹೇಳಿದನೋ ಏನೋ, ಅವಳ ಕಿವಿಗೆ ಅದು ಕತ್ತಿ ಮಸೆದಂತೆ ಕೇಳಿಸಿತು. ಆಮೇಲೆ ಅವನು ಕೋಲಿನಿಂದ ಪಡುವಣದ ಕಡೆ ತೋರಿಸಿದ. ದೂರದಲ್ಲಿ ಒಂದು ಬೆಂಕಿ, ಕುಂಕುಮದ ಬೊಟ್ಟಿನಷ್ಟು. "ಅಲ್ಲೇ ಇರ್ತೀವಿ. ಕೂಗಿದ್ರ ಕೇಳಸ್ತೈತಿ." ನಾಯಿಯನ್ನು ಕರೆದುಕೊಂಡು ಹೊರಟುಹೋದ.

ಕತ್ತಲು ಬಿದ್ದಿತು. ಫ್ಯಾನುಗಳ ತುದಿಯ ಕೆಂಪುದೀಪಗಳು ಎಲ್ಲವೂ ಒಟ್ಟಿಗೆ ಹೊತ್ತಿ, ಒಟ್ಟಿಗೆ ಆರುತ್ತಿದ್ದವು. ದೇವಿಕಾ ರೊಟ್ಟಿಗೆ ಶೇಂಗಾಚಟ್ನಿ ಹಚ್ಚಿಕೊಂಡು ಅರ್ಧ ತಿಂದು ಬಿಟ್ಟಳು.

"ಮಮ್ಮಿ, ತೋಳ ಖರೇನ ಬರ್ತೈತಿ?"

"ಹೆದರಸಾಕ ಹೇಳ್ಯಾನ ಆ ಮುದುಕ. ಬಸ್ಸಿನ ಸಿಟ್ಟು ತೀರಿಸಿಕೊಂಡ."

"ಅಂವ ಸಿಟ್ಟಿನ್ಯಾಗ ಇರಲಿಲ್ಲಲ್ಲ."

"ನಿನಗೇನು ತಿಳೀತೈತಿ? ತಿನ್ನು."

ಅಷ್ಟರಲ್ಲಿ ಎಲ್ಲೋ ಒಂದು ಹರಳುಗಲ್ಲು ಉರುಳಿತು. ರೂಪಾ ಮಗಳ ಬಾಯ ಮೇಲೆ ಕೈಯಿಟ್ಟಳು. ಮುದುಕ ತಿರುಗಿ ಬಂದನೆಂದೇ ಮೊದಲು ಅವಳಿಗೆ ಅನ್ನಿಸಿದ್ದು. ಕುಡಗೋಲು ತರಬೇಕಾಗಿತ್ತು, ಖಾರದಪುಡಿಯಾದರೂ ತರಬೇಕಾಗಿತ್ತು ಎಂದುಕೊಂಡಳು. ಆದರೆ ಹೆಜ್ಜೆಯ ಸಪ್ಪಳವೇ ಇರಲಿಲ್ಲ. ಒಣಹುಲ್ಲು ಸರಿಯುವ ಸದ್ದು ಬೇಲಿಯ ಗುಂಟ ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು, ಅವಳು ಮುಚ್ಚಿದ ಬಾಯಿಯ ಬಳಿ ನಿಂತಿತು. ಅಲ್ಲಿಯೇ ನಿಂತಿತು. ಮೂಸುವುದು ಕೇಳಿಸಿತು, ಉಸಿರು ಎಳೆದು ಎಳೆದು ಬಿಡುವುದು. ಆಮೇಲೆ ಉಗುರಿನಿಂದ ನೆಲ ಕೆರೆಯುವ ಸದ್ದು.

ರೂಪಾ ಬ್ಯಾಟರಿ ಹಚ್ಚಿದಳು. ಮುಳ್ಳಿನ ಸಂದಿಯಲ್ಲಿ ಎರಡು ಹಸಿರು ಕಣ್ಣು. ಬೂದುಬಣ್ಣದ, ಬಡಕಲು, ಉದ್ದಕಾಲಿನ ಪ್ರಾಣಿ. ಬೆಳಕಿಗೆ ಅದು ಓಡಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು ಕುಳಿತಿತು, ಬಾಗಿಲು ತೆಗೆಯಲಿ ಎಂದು ನಿಲ್ದಾಣದಲ್ಲಿ ಕಾಯುವ ಪ್ರಯಾಣಿಕನ ಹಾಗೆ. ಅದರ ಹಿಂದೆ ಕತ್ತಲಲ್ಲಿ ಇನ್ನೊಂದು ಜೋಡಿ ಕಣ್ಣು ಹೊಳೆದು ಮಾಯವಾಯಿತು.

ರೂಪಾ ಕೂಗಲು ಬಾಯಿ ತೆರೆದಳು. ದನಿ ಹೊರಡಲಿಲ್ಲ. ಇಷ್ಟು ವರ್ಷ ನೂರು ಜನರ ಗದ್ದಲವನ್ನು ಅಡಗಿಸಿದ ಗಂಟಲು, ಈಗ ಒಣಗಿದ ಕೊಳವೆಬಾವಿಯಾಗಿತ್ತು. ತೋಳ ಮತ್ತೆ ಎದ್ದು ಬಂತು. ಕಂಟಿಯ ಬುಡಕ್ಕೆ ಹಲ್ಲು ಹಾಕಿ ಎಳೆಯಿತು. ಬೇಲಿ ಕರಕರ ಎಂದಿತು.

ದೇವಿಕಾ ತಾಯಿಯ ಕೈಗೆ ಏನೋ ತುರುಕಿದಳು. ಡ್ಯೂಟಿಯ ಸೀಟಿ. ವಿಡಿಯೋದಲ್ಲಿನ ಹುಡುಗಿಯ ಕೊರಳಲ್ಲಿ ಇರುತ್ತದೆಂದು ಹಟ ಮಾಡಿ ತಂದಿದ್ದಳು.

ಊದಿದಳು. ತೋಳ ಕಿವಿ ಹಿಂದಕ್ಕೆ ಮಡಿಚಿ ನಿಂತಿತು. ಮತ್ತೆ ಊದಿದಳು, ಮತ್ತೆ ಮತ್ತೆ ಊದಿದಳು, ಕಣ್ಣಿಗೆ ಕತ್ತಲು ಬರುವ ತನಕ. ದೂರದಿಂದ "ಹೋ... ಓ..." ಎಂದು ಗಂಡು ದನಿ ಬಂತು. ಆ ಮುದುಕನೇ ಎಂದು ಅವಳು ಊದುವುದನ್ನು ನಿಲ್ಲಿಸಿದಳು. ಆ ದನಿಯ ಹಿಂದೆಯೇ ಇನ್ನೊಂದು ದನಿ, ಹೆಣ್ಣಿನದು, ಹರಿತವಾದದ್ದು, ಯಾರನ್ನೋ ಬೈಯುತ್ತ ಬರುತ್ತಿದ್ದದ್ದು. ಮಾತು ತಿಳಿಯಲಿಲ್ಲ. ಬೈಗುಳದ ಲಯ ಮಾತ್ರ ತಿಳಿಯಿತು. ಗಂಡನನ್ನು ಹಾಗೆ ಹೆಂಡತಿಯೊಬ್ಬಳೇ ಬೈಯಬಲ್ಲಳು.

ಸೀಟಿ ಬಾಯಲ್ಲಿರುವಾಗಲೇ ಒಂದು ವಿಷಯ ಅವಳ ಕಣ್ಣಿಗೆ ಬಿತ್ತು. ಇಷ್ಟುದ್ದ ಬೇಲಿಯಲ್ಲಿ ತೋಳ ಬೇರೆಲ್ಲೂ ಹಲ್ಲು ಹಾಕುತ್ತಿರಲಿಲ್ಲ. ತಾನು ಮುಚ್ಚಿದ ಆ ಆಳಗಲ ಜಾಗ ಒಂದೇ.

"ಮಮ್ಮಿ," ದೇವಿಕಾ ಪಿಸುಗುಟ್ಟಿದಳು, "ಅಜ್ಜ ಬಾಯಿ ತಗೀ ಅಂದಿದ್ದ."

ಮುಚ್ಚಿದ್ದೇ ತಪ್ಪಾಗಿದ್ದರೆ ತೆಗೆಯುವುದೂ ಈಗ ತಡವಾಗಿತ್ತು. ತೋಳ ಬಾಗಿಲಲ್ಲೇ ಇತ್ತು. ಸುಮ್ಮನೆ ಕುಳಿತರೆ ಆ ಕಂಟಿ ಎಷ್ಟು ಹೊತ್ತು ತಡೆದೀತು? ಅವರು ಬರುವ ತನಕ ತಡೆದೀತೇ? ಮುದುಕ ಹೇಳಿದ್ದು ನಿಜವಾದರೆ ಅದಕ್ಕೆ ಬೇಕಾದದ್ದು ಒಳಗೆ ಹೊಕ್ಕು ನೋಡುವುದಷ್ಟೇ; ಹಟ್ಟಿಯನ್ನು ಅದಕ್ಕೆ ಬಿಟ್ಟು ತಾವು ಹೊರಬೀಳುವುದೊಂದೇ ದಾರಿ. ರೂಪಾ ಮಗಳನ್ನು ಬೆನ್ನಿಗೆ ಹಾಕಿ ವೇಲಿನಿಂದ ಬಿಗಿದು ಕಟ್ಟಿದಳು. ಹತ್ತು ವರ್ಷದ ಹುಡುಗಿ, ಕಾಲು ಜೋತಾಡುತ್ತಿದ್ದವು. "ಬ್ಯಾಟರಿ ಅದರ ಕಣ್ಣಾಗ ಹಿಡಿ. ಏನಾರ ಆಗ್ಲಿ, ಕೈ ಅಲಗಾಡಬಾರದು." ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿದಳು. ಆಚೆ ತೋಳ ಎಳೆಯುತ್ತಿದ್ದ ಅದೇ ಕಂಟಿಯನ್ನು ಈಚೆಯಿಂದ ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಮುಳ್ಳು ಅಂಗೈಯೊಳಗೆ ಹೊಕ್ಕವು. ಕಂಟಿ ಕಿತ್ತು ಬಂತು. ನಡುವೆ ಏನೂ ಉಳಿಯಲಿಲ್ಲ.

ತೋಳ ಹಿಂದೆ ಜಿಗಿಯಿತು. ಅವಳು ಎರಡು ಸೀಟಿ ಊದಿ ಒಂದು ಹೆಜ್ಜೆ ಹೊರಗಿಟ್ಟಳು. ಬಸ್ಸು ಬಿಡಲು ಊದುವ ಅದೇ ಎರಡು ಸೀಟಿ. ಮತ್ತೆರಡು ಸೀಟಿ, ಮತ್ತೊಂದು ಹೆಜ್ಜೆ. ಹೀಗೆಯೇ ಬೆಂಕಿಯ ಕಡೆಗೆ, ಅಡ್ಡಡ್ಡ ನಡೆಯುತ್ತ, ಬೆನ್ನು ಕೊಡದೆ. ತೋಳ ದೊಡ್ಡದೊಂದು ಬಳಸು ಹಾಕಿ ಅವರನ್ನು ಬಿಟ್ಟು ಸರಿಯಿತು. ಇನ್ನೊಂದು ಜೋಡಿ ಕಣ್ಣು ಮತ್ತೆ ಕಾಣಿಸಲಿಲ್ಲ. ತೆರೆದ ಬಾಯಿಯ ಮುಂದೆ ನಿಂತು ತಲೆ ತಗ್ಗಿಸಿ ಮೂಸಿತು. ಆಮೇಲೆ ತನ್ನ ಮನೆಗೆ ತಾನು ಹೋಗುವ ಹಾಗೆ ಒಳಗೆ ನಡೆಯಿತು. ತಾಟು ಉರುಳಿದ ಸದ್ದು ಕೇಳಿಸಿತು.

ಮೂರು ನಾಯಿಗಳು ಬೊಗಳುತ್ತ ಬಂದು ಸುತ್ತುವರಿದವು. ಅವುಗಳ ಹಿಂದೆ ಕಂದೀಲು ಹಿಡಿದ ಗ್ಯಾನಪ್ಪನ ಹೆಂಡತಿ ಸಕ್ರವ್ವ, ಇನ್ನೂ ಗಂಡನನ್ನು ಬೈಯುತ್ತಲೇ ಇದ್ದಳು. "ಹೆಣ್ಣಮಗಳು ಒಬ್ಬಾಕಿ ಅದಾಳಂತ ಗೊತ್ತಿತ್ತಿಲ್ಲೋ? ನನ್ನ ಕರಕೊಂಡು ಹೋಗಬೇಕಿತ್ತು. ಈ ಮೀಸಿ ಮಾರಿ ನೋಡಿ ಯಾರು ನಂಬ್ತಾರ? ಲಗ್ನದಾಗ ನಾನ ನಂಬಿರಲಿಲ್ಲ!"

"ಆಕಿ ಪೊಲೀಸ್ರನ್ನ ಕರೀತೀನಿ ಅಂದ್ಲು," ಎಂದ ಗ್ಯಾನಪ್ಪ.

"ಕರಿಯೂದ ಮತ್ತ! ಬಾ ಯವ್ವಾ, ಬಾ ನನ್ನವ್ವಾ. ಕೂಸಿನ ಕಾಲು ಥಣ್ಣಗಾಗ್ಯಾವು."

ಆ ರಾತ್ರಿ ದೇವಿಕಾ ಕುರಿಗಳ ನಡುವೆ, ಸಕ್ರವ್ವನ ಕಂಬಳಿಯೊಳಗೆ ಮಲಗಿದಳು. ರೂಪಾ ಬೆಂಕಿಯ ಮುಂದೆ ಕುಳಿತಳು. ಸಕ್ರವ್ವ ಸೂಜಿಯಿಂದ ಅವಳ ಅಂಗೈಯ ಮುಳ್ಳು ತೆಗೆಯುತ್ತಿದ್ದಳು. ಗ್ಯಾನಪ್ಪ ದೂರದಲ್ಲಿ, ನಾಯಿಗಳ ಕಡೆ ಕುಳಿತಿದ್ದ.

"ಯಜ್ಜಾ," ರೂಪಾ ಕೇಳಿದಳು, "ಆ ಮರಿ ಏನಾತ್ರಿ?"

"ಯಾವುದು, ಬಸ್ಸಿಂದಾ? ಹೊತಗೊಂಡು ನಡದೆ. ಬದುಕ್ತು." ಅವನು ಬೆಂಕಿಗೆ ಒಂದು ಸಗಣಿಕುಳ್ಳು ಒಗೆದ. "ಹೋದ ವಾರ ಒಯ್ದ ಎರಡರಾಗ ಅದೂ ಒಂದು."

ಸಕ್ರವ್ವ ಸೂಜಿ ಒತ್ತಿದಳು. ರೂಪಾ ಕೈ ಹಿಂದೆಗೆಯಲಿಲ್ಲ.

ಬೆಳಗಾದ ಮೇಲೆ ಸಾಮಾನು ತರಲು ಹೊರಟಾಗ ಗ್ಯಾನಪ್ಪನೂ ಜೊತೆಗೆ ಬಂದ. ಆದರೆ ಹಟ್ಟಿ ಇನ್ನೂ ಕೆಲವು ಹೆಜ್ಜೆ ಇರುವಾಗಲೇ, ನಿನ್ನೆ ಅವಳು ಎಲ್ಲಿ ತಡೆದಿದ್ದಳೋ ಅಲ್ಲೇ ನಿಂತುಬಿಟ್ಟ. ಕೋಲೂರಿ ಬೇರೆ ಕಡೆ ಮುಖ ಮಾಡಿದ.

ಗುಡಾರ ನಿಂತಲ್ಲೇ ನಿಂತಿತ್ತು. ಸುತ್ತಲೂ ಹುಡಿಮಣ್ಣಿನಲ್ಲಿ ಹೆಜ್ಜೆಗಳು, ಒಂದು ಸುತ್ತು, ಮತ್ತೆ ಹೊರಗೆ. ರೊಟ್ಟಿಯ ಗಂಟು ಬಿಚ್ಚಿತ್ತು, ಅರಿವೆ ಹರಿದಿರಲಿಲ್ಲ. ದೇವಿಕಾ ಗೂಟ ಕಿತ್ತಳು, ಕುಳಿಗಳನ್ನು ಮುಚ್ಚಿದಳು, ಬಿಸ್ಕತ್ತಿನ ಹಾಳೆ ಆರಿಸಿ ಚೀಲಕ್ಕೆ ಹಾಕಿದಳು. ಆಮೇಲೆ ಹೆಜ್ಜೆಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತು ಕೈಯೆತ್ತಿದಳು.

"ಇವನ್ನೂ ಅಳಸ್ಲೇನ್ ಮಮ್ಮಿ?"

"ಅವು ನಮ್ಮವಲ್ಲ. ಇರಲಿ ಬಿಡು."

ಹೊರಗೆ ಬಂದ ಮೇಲೆ ಹುಡುಗಿ, ಮನೆ ಬಿಡುವಾಗ ಬಾಗಿಲು ಎಳೆದುಕೊಳ್ಳುವ ರೂಢಿಯಲ್ಲಿ, ಬಿದ್ದಿದ್ದ ಕಂಟಿಯನ್ನು ಬಾಯಿಗೆ ಎಳೆಯತೊಡಗಿದಳು. ರೂಪಾ ಅರಿಶಿನ ಮೆತ್ತಿದ ಕೈಯಿಂದ ಅವಳ ಕೈ ಹಿಡಿದಳು. ಕಂಟಿಯನ್ನು ಕಾಲಿನಿಂದ ಮೊದಲಿಗಿಂತ ಒಂದು ಮಾರು ಆಚೆಗೆ ಸರಿಸಿದಳು. ಎಳೆಬಿಸಿಲು ತೆರೆದ ಬಾಯಿಯಿಂದ ಒಳಗೆ ಹೋಗಿ, ಖಾಲಿ ಹಟ್ಟಿಯ ನಡುವಿನ ತನಕ ಚಾಚಿಕೊಂಡಿತ್ತು.