ಆಮೆಗಲ್ಲಿನ ಮೇಲೆ ಒಂದು ಬೆರಳು

ಗ್ಯಾರೇಜಿನಲ್ಲಿ ಸಾಲಾಗಿ ನೇತುಹಾಕಿದ ಗಾಡಿಯ ಕಮಾನ್ ಪ್ಲೇಟುಗಳ ಮೇಲೆ ಬಿಸಿಲು ಜಾರುತ್ತಿದೆ, ಒಂದು ಕಪ್ಪು, ಇನ್ನೊಂದು ತುಕ್ಕುಗೆಂಪು, ಕೊನೆಯದು ಹಳದಿ, ಅದೇ ಇರಬೇಕು ಗಾಡಿಯನ್ನು ನಾಲ್ಕಿಂಚು ಎತ್ತುವುದು, ಮೈ ಬಗ್ಗಿಸಿ ಹೊಂಚು ಹಾಕಿದ ಹುಲಿಯ ಹಾಗಿದೆ, ಅವಳ ಕಣ್ಣು ಅಲ್ಲೇ ಅಂಟಿಕೊಂಡಿತು — ಸ್ಪ್ರಿಂಗ್ ಮೇಸ್ತ್ರಿ ಏನೋ ಹೇಳುತ್ತಿದ್ದಾನೆ, ಕೇಳಿಸಿಕೊಳ್ಳಬೇಕು, ಐವತ್ತಾರು ವರ್ಷದ ಹೆಂಗಸು ಗೊಂಬೆ ಅಂಗಡಿಗೆ ಬಂದ ಮಗುವಿನ ಹಾಗೆ ಬಾಯಿ ಬಿಟ್ಟುಕೊಂಡು ನಿಂತರೆ ಹೇಗೆ, ನೋಡಿ ಅಮ್ಮಾ ಎರಡು ದಾರಿ ಇದೆ, ಮುಂದಿನ ಸ್ಪ್ರಿಂಗ್ ಮೇಲೊಂದು ದಪ್ಪ ಬಿಲ್ಲೆ, ಹಿಂದಿನ ಕಮಾನಿಗೆ ಇನ್ನೊಂದು ಪ್ಲೇಟು, ಗಾಡಿ ಎರಡಿಂಚು ಏಳತ್ತೆ, ಇಲ್ಲಾಂದ್ರೆ ಹಳೇದೆಲ್ಲ ಬಿಚ್ಚಿ ಬಿಸಾಕಿ ಹೊಸ ಸ್ಪ್ರಿಂಗು, ಹೊಸ ಕಮಾನು, ಉದ್ದನೆ ಶಾಕ್ ಅಬ್ಸಾರ್ಬರು, ನಾಲ್ಕಿಂಚು, ಎದುರಿಗೆ ಬರೋರು ತಾವಾಗೇ ದಾರಿ ಬಿಡಬೇಕು. ದಾರಿ ಬಿಡಬೇಕು — ಅವಳೂ ಅಕ್ಕನೂ ಎಮ್ಮೆ ಎಂದು ಕರೆಯುವ ಈ ಬೂದು ಪಿಕಪ್ಪಿಗೆ ಯಾರು ತಾನೇ ದಾರಿ ಬಿಟ್ಟಾರು, ಸೈಕಲ್ಲಿನವನೂ ಬೈದು ಹೋಗುತ್ತಾನೆ, ಈಗ ಅದೇ ಎಮ್ಮೆ ನಾಲ್ಕಿಂಚು ಎದ್ದು ನಿಂತರೆ — ಸ್ಪ್ರಿಂಗು ಗಟ್ಟಿಯಾಗತ್ತಾ ಮೇಸ್ತ್ರಿಗಳೇ, ಕುಲುಕಾಟಕ್ಕೆ ಪೆಟ್ಟಿಗೆ ಒಳಗೆ ಜೇನಿನ ಎರಿ ಮುರಿದ್ರೆ ನಿಮ್ಮನ್ನೇ ಪೆಟ್ಟಿಗೇಲಿ ಕೂರಿಸಿ ಮುಚ್ಚಳ ಹಾಕ್ತೀನಿ, ಇದು ಹಿಂದಿನಿಂದ ಅಕ್ಕನ ದನಿ, ಪ್ಲಾಸ್ಟಿಕ್ ಕುರ್ಚಿಯಿಂದ, ಒಂದು ಕೈ ಸೊಂಟಕ್ಕೆ, ಕಾಲಲ್ಲಿ ನೀಲಿ ಕ್ಯಾನ್ವಾಸ್ ಬೂಟು, ಅರವತ್ತೊಂಬತ್ತಾದರೂ ನಾಲಿಗೆಗೆ ಮಾತ್ರ ವಯಸ್ಸಾಗಿಲ್ಲ, ಮೇಸ್ತ್ರಿ ನಕ್ಕ, ಹೊಸದು ಮೆತ್ತಗಿರತ್ತಮ್ಮಾ, ನಿಮ್ಮ ಜೇನು ತೂಕಡಿಸ್ತಾ ಹೋಗತ್ತೆ.

ನಲವತ್ತು ಪೆಟ್ಟಿಗೆ ಜೇನು ತೂಕಡಿಸುತ್ತಾ ಗುಡ್ಡ ಹತ್ತುವುದು, ಅದನ್ನು ಕಣ್ಣಿಗೆ ತಂದುಕೊಂಡರೇ ಎದೆ ಹಗುರಾಗುತ್ತದೆ, ಮೇಲಿನ ಇಳಿಜಾರಿನಲ್ಲಿ ಬಿಳಿ ಹೂವು ಬಿಡುವುದು ವರ್ಷಕ್ಕೆ ಹತ್ತೇ ದಿನ, ಇನ್ನು ಎಂಟು ದಿನಕ್ಕೆ ಶುರು, ಮೊಗ್ಗು ನೋಡಿ ಬಂದಿದ್ದಾಳೆ, ಅಷ್ಟರಲ್ಲಿ ಎಮ್ಮೆ ಆಮೆಗಲ್ಲು ದಾಟಬೇಕು — ಹೋದ ವರ್ಷ ದಾಟಲಿಲ್ಲ, ದಾರಿಯ ನಟ್ಟನಡುವೆ ಬೆನ್ನು ಉಬ್ಬಿಸಿ ಮಲಗಿದ ಆ ಕಲ್ಲು ಗಾಡಿಯ ಹೊಟ್ಟೆಗೆ ತಗುಲಿ ಕರ್ರೋ ಎಂದ ಸದ್ದು ಈಗಲೂ ಹಲ್ಲಿನೊಳಗಿದೆ, ಚಕ್ರ ಸುತ್ತುತ್ತದೆ ಗಾಡಿ ಕದಲುವುದಿಲ್ಲ, ನಲವತ್ತು ಪೆಟ್ಟಿಗೆಯೊಳಗಿನ ಗುಂಯ್‌ಗುಡುವಿಕೆ ಏರುತ್ತದೆ, ಹೇಗೋ ಹಿಂದಕ್ಕೆ ತಳ್ಳಿಸಿ ಕೆಳಗೇ ಇಳಿಸಿಕೊಂಡು ಬಂದರು, ಕೆಳಗೆ ಹೂವೆಲ್ಲಿ, ಹನ್ನೊಂದು ಜೇನು ಕುಟುಂಬ ಹಸಿದು ಸತ್ತವು, ಅಕ್ಕ ಒಂದೊಂದೇ ಮುಚ್ಚಳ ತೆಗೆದು, ನೋಡಿ, ಮುಚ್ಚಿ, ಕೊನೆಗೆ ಆಡಿದ್ದು ಇಷ್ಟೇ, ಕಲ್ಲು ಬೆಳೀತಿದೆ ಕಣೇ. ಹಾಗೇ ನಂಬಿದ್ದರು ಇಬ್ಬರೂ, ನಗುವ ಹಾಗಿಲ್ಲ, ಮೂರು ವರ್ಷ ಅಳತೆ ತೆಗೆದಿದ್ದರು, ಕಲ್ಲಿನ ಮೇಲೆ ಗಾಡಿ ನಿಲ್ಲಿಸಿ ಅಕ್ಕ ಬಗ್ಗಿ ಸಂದಿಗೆ ಕೈ ತೂರಿಸಿ ಹೇಳುತ್ತಿದ್ದಳು, ಎರಡು ಬೆರಳು ಜಾಗ ಇದೆ, ಧಾರಾಳ ಆಯ್ತು, ಅಷ್ಟಿದ್ದೂ ಸಿಕ್ಕಿಬಿತ್ತೆಂದರೆ ಕಲ್ಲೇ ಬೆಳೆದಿರಬೇಕು. ಇವತ್ತು ಬೆಳಿಗ್ಗೆ ಮೇಸ್ತ್ರಿ ಟೇಪು ಹಿಡಿದು ಮೆಲ್ಲಗೆ ಕೇಳಿದ್ದ, ಅಳತೆ ತೆಗೆದಾಗ ಗಾಡೀಲಿ ಪೆಟ್ಟಿಗೆ ಇತ್ತಾ ಅಮ್ಮಾ, ಅವಳು ಅಕ್ಕನ ಮುಖ ನೋಡಿದಳು ಅಕ್ಕ ಅವಳ ಮುಖ ನೋಡಿದಳು, ಇರಲಿಲ್ಲ, ಹೇಗಿರುತ್ತದೆ, ಜೇನು ತುಂಬಿದ ಗಾಡಿಯನ್ನು ದಾರಿಯಲ್ಲಿ ಸುಮ್ಮನೆ ನಿಲ್ಲಿಸಬಾರದು, ಬಿಸಿಲೇರುವ ಮೊದಲು ಮೇಲೆ ಮುಟ್ಟಬೇಕು, ಅದು ಅಕ್ಕನ ಕಾನೂನು, ಅಳತೆಯೆಲ್ಲ ಖಾಲಿ ಗಾಡಿಯಲ್ಲಿ ಇಳಿದು ಬರುವಾಗ, ಪುರುಸೊತ್ತಿನಲ್ಲಿ. ಮೇಸ್ತ್ರಿ ಮರಳಿನ ಮೂಟೆ ತರಿಸಿ ನಲವತ್ತು ಪೆಟ್ಟಿಗೆಯ ತೂಕ ಹೇರಿದ, ಎಮ್ಮೆಯ ಹಿಂಭಾಗ ಮೂರಿಂಚು ಕೂತೇ ಬಿಟ್ಟಿತು, ಕಲ್ಲು ಬೆಳೀತಿಲ್ಲಮ್ಮಾ, ಕಮಾನು ಸೋತು ಗಾಡಿ ಕುಗ್ಗತಾ ಇದೆ ಅಂದ, ಅಕ್ಕ ಕುರ್ಚಿಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು, ವರ್ಷವಿಡೀ ಆ ಬಡಪಾಯಿ ಕಲ್ಲನ್ನ ಬೈದೆನಲ್ಲೇ.

ಆಮೇಲೆ ಹಲಗೆ ಬಂದವು, ಎತ್ತರ ಬಾಯಲ್ಲಿ ಹೇಳಿದ್ರೆ ತಿಳಿಯಲ್ಲ, ಕೂತು ನೋಡಿ ಅಂದ ಮೇಸ್ತ್ರಿ, ಮೂಟೆ ಇಳಿಸಿ ನಾಲ್ಕು ಚಕ್ರದ ಕೆಳಗೂ ಎರಡಿಂಚಿನ ಹಲಗೆ, ಅವಳು ಹತ್ತಿ ಕೂತಳು, ಪರವಾಗಿಲ್ಲ, ಅಕ್ಕನೂ ಎದ್ದು ಬಂದು ಆ ಕಡೆಯ ಬಾಗಿಲಲ್ಲಿ ಹಿಡಿಕೆ ಹಿಡಿದು ಕಾಲೆತ್ತಿದಳು, ನೀಲಿ ಬೂಟಿನ ಹಿಮ್ಮಡಿ ಕಬ್ಬಿಣಕ್ಕೆ ಉಜ್ಜಿತು, ಉಸ್ಸಪ್ಪಾ, ಬಂದಳು. ಇಳಿದು, ಮತ್ತೊಂದು ಸುತ್ತು ಹಲಗೆ, ನಾಲ್ಕು, ಈಗ ಅವಳು ಹತ್ತಿದಳು ನೋಡಿ, ಅಬ್ಬಾ ಲೋಕವೇ ಬೇರೆ, ಗ್ಯಾರೇಜಿನ ಗೋಡೆಯಾಚೆ ಕಾಣುತ್ತದೆ, ಪಕ್ಕದ ಮನೆಯ ತಂತಿಯಲ್ಲಿ ಒಣಗುವ ಬಟ್ಟೆ, ನೀರಿನ ಟ್ಯಾಂಕು, ಅದರಾಚೆ ರಸ್ತೆಯ ತಿರುವು, ಸ್ಟೇರಿಂಗ್ ಹಿಡಿದ ಕೈ ತಾನಾಗಿ ಆಚೆ ಈಚೆ ತಿರುಗಿತು, ಬಾಯಲ್ಲಿ ಬರ್ರ್ ಎಂದು ಸದ್ದು ಬೇರೆ, ಆಮೆಗಲ್ಲೇ ಮಲಗಿರು ನಿನ್ನ ಪಾಡಿಗೆ, ನಿನ್ನ ಬೆನ್ನಿನ ಮೇಲೆ ಒಂದು ಅಂಗೈ ಜಾಗ ಬಿಟ್ಟು ತೇಲಿಕೊಂಡು ಹೋಗುತ್ತೇನೆ, ಹತ್ತೂ ದಿನ ಹೂವು, ಒಂದು ಕುಟುಂಬವೂ ಸಾಯುವುದಿಲ್ಲ — ಅಕ್ಕಾ ಹತ್ತೇ, ಇಲ್ಲಿಂದ ನೋಡೇ ಎಂದು ಕರೆದಳು, ಆ ಕಡೆಯ ಬಾಗಿಲು ತೆರೆದಿತ್ತು, ಹಿಡಿಕೆಗೆ ಬೆರಳು ಬಂದವು, ನರ ಉಬ್ಬಿದ ಬೆರಳು, ಆಮೇಲೆ ನೀಲಿ ಬೂಟು ಎದ್ದಿತು, ಎದ್ದು, ಮೆಟ್ಟಿಲಿಗೆ ಇನ್ನೂ ಒಂದು ಗೇಣು ಇರುವಾಗ ಗಾಳಿಯಲ್ಲೇ ನಿಂತಿತು. ಮತ್ತೆ ಕೆಳಗೆ ಹೋಯಿತು. ಟೈರಿಗೆ ಎಷ್ಟು ಧೂಳು ನೋಡೇ, ತೊಳೆಸೋದಲ್ವಾ, ಎಂದು ಅಕ್ಕ ಟೈರು ಒರೆಸುತ್ತಾ ನಿಂತಳು.

ಧೂಳು ಇತ್ತಾ, ಇತ್ತು ಎಂದೇ ಅಂದುಕೊಂಡಿದ್ದಳು ಅವಳು, ಅಷ್ಟು ಖುಷಿ, ಈಗ ಮೇಸ್ತ್ರಿ ಸೀಮೆಸುಣ್ಣ ಹಿಡಿದು ಬಂಪರಿನ ಮುಂದೆ ಕೂತಿದ್ದಾನೆ, ಏನು ಬರೀಲಿ ಅಮ್ಮಾ, ನಾಲ್ಕಾದರೆ ಕಣ್ಣು ಮುಚ್ಕೊಂಡು ದಾಟಬಹುದು, ಎರಡಾದರೆ ಲೋಡು ಹಾಕಿದಾಗ ಕಲ್ಲಿಗೂ ಗಾಡಿಗೂ ಒಂದೇ ಬೆರಳು, ಚಕ್ರ ಆಚೆ ಈಚೆ ಆದ್ರೆ ಮತ್ತೆ ಹೋದ ವರ್ಷದ ಕಥೆ, ಹಳದಿ ಕಮಾನು ಬಿಸಿಲಿಗೆ ಹೊಳೆಯುತ್ತಿದೆ, ನಾಲ್ಕು, ನಾಲ್ಕು ಎನ್ನುತ್ತಿದೆ ಅವಳ ರಕ್ತವೆಲ್ಲ, ಗಾಳಿಯಲ್ಲಿ ನಿಂತ ಆ ನೀಲಿ ಬೂಟು ನೆನಪಾಗಿ ಕೇಳಿದಳು, ಬಾಗಿಲ ಕೆಳಗೆ ನೇತಾಡುವ ಮೆಟ್ಟಿಲು ಹಾಕ್ತೀರಾ ಮೇಸ್ತ್ರಿಗಳೇ, ಹಾಕಬಹುದಮ್ಮಾ, ನಿಮ್ಮ ದಾರಿ ಪಕ್ಕದ ಬಂಡೆ ಮೊದಲ ದಿನವೇ ಕಿತ್ಕೊಳ್ಳತ್ತೆ, ಹೌದು, ಕಿತ್ತುಕೊಳ್ಳುತ್ತದೆ, ಹಿಂದೊಮ್ಮೆ ಗಾಡಿಯ ಕನ್ನಡಿಯನ್ನೇ ಕಿತ್ತುಕೊಂಡಿತ್ತಲ್ಲ, ನಾಲ್ಕೇ ಬರೀರಿ ಮೇಸ್ತ್ರಿ ಎಂದಳು ಅಕ್ಕ ಕುರ್ಚಿಯಿಂದ, ಕೇಳೋದೇನಿದೆ, ಈ ಸಲ ನಾನು ಕೆಳಗೇ ಇರ್ತೀನಿ, ಕೆಳಗೂ ಯಾರಾದ್ರೂ ಇರಬೇಕಲ್ಲ. ಕೆಳಗೆ ಏನಿದೆ, ನಲವತ್ತೂ ಮೇಲೆ ಹೋದ ಮೇಲೆ ಕೆಳಗೆ ಪೆಟ್ಟಿಗೆ ಇಡುವ ಖಾಲಿ ಸ್ಟ್ಯಾಂಡುಗಳು, ಕಾಯುವುದು ಯಾವುದನ್ನು — ಹೂವಿನಡಿ ಮೊದಲ ಮುಚ್ಚಳ ತೆಗೆಯುವವಳು ಅಕ್ಕ, ಮೂವತ್ತು ವರ್ಷದಿಂದ ಅವಳೇ, ಮೂಸಿ ನೋಡಿ ರಾಣಿ ಚೆನ್ನಾಗಿದ್ದಾಳೆ ಅನ್ನುವವಳು, ಕಲ್ಲಿನ ಹತ್ತಿರ ಇಳಿದು ಮುಂದೆ ನಡೆಯುತ್ತಾ ಹಿಂದಿರುಗಿ ಎರಡು ಕೈಯಲ್ಲಿ ಚಕ್ರಕ್ಕೆ ದಾರಿ ತೋರಿಸುವವಳು, ಎಡಕ್ಕೆ, ಇನ್ನೂ ಎಡಕ್ಕೆ, ಬಾ ಬಾ ಬಾ, ಕಳೆದ ಸಲ ನಾನೇ ತಾನೇ ಆತುರಪಟ್ಟದ್ದು, ಇಳೀಬೇಡ ಅಕ್ಕಾ ಎರಡು ಬೆರಳಿದೆ ಅಂದದ್ದು, ಕಣ್ಣು ಮುಚ್ಚಿಕೊಂಡು ದಾಟುವುದಂತೆ, ಯಾರಿಗೆ ಬೇಕು — ಎರಡು, ಎಂದಳು. ಮೇಸ್ತ್ರಿಯ ಸೀಮೆಸುಣ್ಣ ತಡೆದು ನಿಂತಿತು. ಎರಡೇ ಬರೀರಿ, ಹಿಂದಿನ ಕಮಾನಿಗೆ ಗಟ್ಟಿ ಪ್ಲೇಟು ನೋಡಿ ಹಾಕಿ, ಎಂಟು ದಿನದೊಳಗೆ ಬೇಕು. ಅಕ್ಕ ಕುರ್ಚಿಯಿಂದ ಮುಂದೆ ಬಾಗಿದಳು, ನಿನಗೆ ತಲೆ ಕೆಟ್ಟಿದೆಯೇನೇ, ಒಂದು ಬೆರಳಲ್ಲಿ ದಾಟ್ತೀಯಾ, ಚಕ್ರ ನೋಡೋರು ಯಾರು? ನೀನಲ್ದೆ ಇನ್ಯಾರು, ಇಳಿದು ನೋಡು, ಆಮೇಲೆ ಹತ್ತು, ಎಂದಳು ಅವಳು, ಹಳದಿ ಕಮಾನು ಈಗ ಕಾಣುತ್ತಿಲ್ಲ, ಕಣ್ಣ ಮುಂದೆ ಆಗಿನ ಅದೇ ಬಾಗಿಲು ತೆರೆದಿದೆ, ಹಿಡಿಕೆಯ ಮೇಲೆ ನಾಲ್ಕು ಬೆರಳು, ಕೆಳಗೆ ನೀಲಿ ಬೂಟು, ಒಂದು ಗೇಣು ಗಾಳಿ, ನೀಲಿ ಬೂಟು —